ಫೋಟೋದಲ್ಲಿ ಇಲ್ಲದ ಅಪ್ಪ

"'ನಿಂಗೆ ಅಪ್ಪ ಇದ್ದಾರೇನಮ್ಮಾ?' ಅಂತ ಮಿಸ್ಸು ಇವಳನ್ನ ಕೇಳಿದ್ರಂತೆ ಕಣ್ರೀ!" ಹೆಂಡತಿ ನಗು ತಡೆಯಲಾರದೆ ಹೇಳಿದಳು.

ಕನ್ನಡಕದಂಗಡಿ ಇಟ್ಟಿದ್ದ ಗಂಡನಿಗೆ ನಗು ಬರಲಿಲ್ಲ. 'ನನ್ನ ಕುಟುಂಬ' ಎಂಬ ಚಾರ್ಟಿಗೆಂದು ಮಗಳು ಒಯ್ದಿದ್ದ ಏಳು ಫೋಟೋಗಳಲ್ಲಿ ಬೆಕ್ಕು ಕೂಡ ಎರಡು ಸಲ ಇತ್ತು, ಅವನಿರಲಿಲ್ಲ. ಇರುವುದಾದರೂ ಹೇಗೆ? ಮಗಳು ಮುಖಕ್ಕೆಲ್ಲ ಶೇವಿಂಗ್ ಕ್ರೀಮು ಬಳಿದುಕೊಳ್ಳಲಿ, ಅವಳ ಅಜ್ಜಿ ಬಾಯಿ ತೆರೆದು ನಿದ್ದೆಹೋಗಲಿ, ಕ್ಯಾಮರಾ ಹಿಡಿದು ಓಡಿ ಬರುವವನು ಅವನೇ.

ಚಾರ್ಟು ನಾಳೆ ಒಪ್ಪಿಸಬೇಕು. ಪುಣ್ಯಕ್ಕೆ ಇವತ್ತು ಅಕ್ಕನೂ ಅವಳ ಅವಳಿ ಗಂಡುಮಕ್ಕಳೂ ಬಂದಿದ್ದರು. ಎಲ್ಲರನ್ನೂ ಸೋಫಾದ ಮೇಲೆ ಕೂರಿಸಿ, ಕ್ಯಾಮರಾವನ್ನು ಸ್ಟೂಲಿನ ಮೇಲಿಟ್ಟು, ಟೈಮರ್ ಒತ್ತಿ ಓಡಿದ. ಚಾಪೆ ಜಾರಿತು. ಫೋಟೋದಲ್ಲಿ ಎರಡು ಅಂಗಾಲು ಬಂದವು.

"ಕಾಲಾದ್ರೂ ಬಂತಲ್ಲ, ಬಿಡೋ," ಎಂದಳು ಅಕ್ಕ.

ಎರಡನೆಯ ಸಲ ಅವಳಿಗಳು ಇದೇನೋ ಓಟದ ಪಂದ್ಯವೆಂದುಕೊಂಡು ಎದುರಿನಿಂದ ಓಡಿ ಬಂದರು. ಮೂವರೂ ನಡುಮನೆಯಲ್ಲಿ ಢಿಕ್ಕಿ ಹೊಡೆದು ಬಿದ್ದರು.

ಗಲಾಟೆ ಕೇಳಿ, ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ಕರೆಯದೆಯೇ ಬಂದರು. "ಕೊಡಿ ಇಲ್ಲಿ! ಮೂವತ್ತು ವರ್ಷ ಜನ ತುಂಬಿದೋನು ನಾನು. ಒಂದು ಗುಂಡಿ ಒತ್ತೋದು ಕಷ್ಟಾನಾ? ಹ್ಞೂಂ, ಒಳಗೆ ಸರೀರಿ, ಒಳಗೆ ಸರೀರಿ! ಅಜ್ಜೀ, ನಿಮ್ಮ ಪಕ್ಕ ಇನ್ನೂ ಇಬ್ರಿಗೆ ಜಾಗ ಇದೆ!"

ಮೂವರ ಸೋಫಾದಲ್ಲಿ ಏಳು ಜನ ಡಬ್ಬಿಯಲ್ಲಿ ಅದುಮಿಟ್ಟ ಕಾಲುಚೀಲಗಳಂತೆ ಕೂತರು. ಮಗಳು ಅಪ್ಪನ ತೊಡೆಯೇರಿದಳು. ಕಂಡಕ್ಟರು ಹಳೆಯ ಅಭ್ಯಾಸದಂತೆ ಬಾಗಿಲಿಗೆ ದಬದಬ ಬಡಿದು, "ರೈಟ್!" ಎಂದು ಗುಡುಗಿ, ಗುಂಡಿ ಒತ್ತಿದರು.

ಫೋಟೋ ನೋಡಿ ಅವನ ಎದೆ ಉಬ್ಬಿತು. ಎಷ್ಟೋ ವರ್ಷಗಳ ಮೇಲೆ ಅವನ ಮುಖ, ಅದೂ ನಗುಮುಖ! ಮಿಕ್ಕವರು ಮಾತ್ರ ಆ ಸದ್ದಿಗೆ ಬೆಚ್ಚಿಬಿದ್ದಿದ್ದರು. ಅಜ್ಜಿಯ ಕಣ್ಣು ಮುಚ್ಚಿತ್ತು, ಹೆಂಡತಿಯ ಬಾಯಿ ಬಾವಿಯಾಗಿತ್ತು, ಅವಳಿಗಳು ಸೋಫಾದ ಹಿಂದೆ ಇಳಿದುಹೋಗಿದ್ದರು, ಮಗಳು ಅವನ ಅಂಗಿಯಲ್ಲಿ ಮುಖ ಹುದುಗಿಸಿದ್ದಳು.

"ಅಳಿಸೋ ಇದನ್ನ," ಎಂದರು ಅಜ್ಜಿ. "ನೀನೊಬ್ಬನೇ ಮನುಷ್ಯನ ಥರ ಇದ್ದೀಯ."

"ಅದಕ್ಕೇ ಇರ್ಲಿ ಅಮ್ಮಾ!"

"ಅಳಿಸು ಅಂದೆ. ಪಾಪ, ಇಷ್ಟು ಒದ್ದಾಡಿದ ಇವ್ರೇ ಫೋಟೋದಲ್ಲಿಲ್ಲ! ಬನ್ನಿ ಕಂಡಕ್ಟರೇ, ಅವನ ಜಾಗದಲ್ಲಿ ಕೂತ್ಕೊಳ್ಳಿ. ನೀನೇ ತೆಗಿಯೋ, ನಿನ್ನ ಕೈಲಿ ಚೆನ್ನಾಗಿ ಬರುತ್ತೆ."

ನಿಜಕ್ಕೂ ಚೆನ್ನಾಗಿ ಬಂತು. ಇಷ್ಟು ವರ್ಷಗಳಲ್ಲಿ ಅವನು ತೆಗೆದಿದ್ದರಲ್ಲೆಲ್ಲ ಅಂಥದ್ದೊಂದು ಇರಲಿಲ್ಲ. ಎಲ್ಲರ ಕಣ್ಣೂ ತೆರೆದಿತ್ತು, ಮಗಳು ಕಂಡಕ್ಟರ ತೊಡೆಯ ಮೇಲೆ ಕೂತು ಬಿದ್ದುಬಿದ್ದು ನಗುತ್ತಿದ್ದಳು. ಸಂಜೆಯೊಳಗೆ ಮೂಲೆಯಂಗಡಿಯಿಂದ ಪ್ರಿಂಟೂ ಬಂತು.

"ಅಪ್ಪ ಎಲ್ಲಿ ಅಂತ ಮಿಸ್ಸು ಕೇಳಿದ್ರೆ ಏನೇ ಹೇಳ್ತೀಯ?" ಎಂದು ಅವನು ಮಗಳನ್ನು ಕೇಳಿದ.

"ಕ್ಯಾಮರಾ ಹಿಂದೆ ಇದ್ದಾರೆ ಅಂತೀನಿ. ಬೇಕಾದ್ರೆ ಚಿತ್ರ ಬರೆದು ತೋರಿಸ್ತೀನಿ."

ಫೋಟೋ ಅಂಟಿಸಿ, ಅದರ ಮೇಲ್ಗಡೆ ಉಳಿದ ಜಾಗದಲ್ಲಿ ಅವಳು ಬಣ್ಣದ ಕಡ್ಡಿಯಿಂದ ಅಪ್ಪನನ್ನು ಬರೆಯಲು ಕೂತಳು. ಮೊದಲು ಚಪ್ಪಲಿ, ಆಮೇಲೆ ಪ್ಯಾಂಟು, ಹೊಟ್ಟೆ, ಅಂಗಿಯ ಗುಂಡಿಗಳು. ಕ್ಯಾಮರಾ ಹಿಡಿದ ಕೈಗಳವರೆಗೆ ಬರುವಷ್ಟರಲ್ಲಿ ಚಾರ್ಟಿನ ಮೇಲಂಚು ಬಂತು, ಮುಖಕ್ಕೆ ಜಾಗವಿರಲಿಲ್ಲ.