ವಾಂಡ್ರಕ್‌ನ ಮೂರನೆಯ ಹಂತ

ರೇಣುಕಾಪ್ರಸಾದನ ಮಾನ ಹೋದದ್ದು ಒಂದು ಕ್ಯಾಸೆಟ್ಟಿನಿಂದ. ಅದೂ ಭಾನುವಾರ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ.

ನೀಲ್ ವಾಂಡ್ರಕ್ ಎಂಬ ರಾಕ್ ಗಿಟಾರ್ ವಾದಕನ ಹೆಸರನ್ನು ಭದ್ರಾವತಿಯ ಕಾಗದನಗರದಲ್ಲಿ ಕೇಳಿದ್ದವನು ರೇಣುಕಾಪ್ರಸಾದ ಒಬ್ಬನೇ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದ ಅವನು, ವಾಂಡ್ರಕ್‌ನ ವಾದನ ಹೇಗೆ ಬದಲಾಗುತ್ತ ಬಂತೆಂದು ಹನ್ನೊಂದು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಮೊದಲ ಹಂತದಲ್ಲಿ ಸ್ವರಗಳು ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿದ್ದವು. ಎರಡನೆಯ ಹಂತದಲ್ಲಿ ತಂತಿಗೆ ಚಮಚ ಸಿಕ್ಕಿಸಿ, ಒಂದೇ ಸ್ವರವನ್ನು ಎಳೆಯುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಇದರ ಬಗ್ಗೆ ಅವನನ್ನು ಏನನ್ನೂ ಕೇಳಿರಲಿಲ್ಲ. ಅವನಿಗೆ ತಿಳಿದಿದ್ದ ಒಂದೇ ವಿಷಯ ಅದು, ಪಾಪ.

ಕೊನೆಗೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ಹುಡುಗರ ಸಂಗೀತ ಕೂಟವೊಂದು ಅವನನ್ನು ಭಾಷಣಕ್ಕೆ ಕರೆಯಿತು. ಚೆನ್ನಾಗಿ ಆದರೆ ಪ್ರತಿ ತಿಂಗಳೂ ಅವನದೇ ಕಾರ್ಯಕ್ರಮ. ರೇಣುಕಾಪ್ರಸಾದ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಭಾಷಣದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಬೊಂಬಾಯಿಯ ಗೆಳೆಯ ಪುನೀತ್ ನಕಲು ಮಾಡಿ ಕಳಿಸಿದ್ದ ವಾಂಡ್ರಕ್‌ನ ಹೊಸ ಕ್ಯಾಸೆಟ್ ಅಂಚೆಯಲ್ಲಿ ಬಂತು. ಜೊತೆಗೊಂದು ಚೀಟಿ: 'ಈಗ ಅವನು ಸ್ವರವನ್ನೇ ಬಿಟ್ಟಿದ್ದಾನೆ. ಗಿಟಾರು ಸುಮ್ಮನೆ ಉಸಿರಾಡುತ್ತೆ. ಕೇಳಿ ದಂಗಾಗ್ತೀಯ.'

ಕೇಳುವುದು ಎಲ್ಲಿಂದ? ಪಕ್ಕದ ಮನೆಯ ಮೂರ್ತಪ್ಪನಿಗೆ ನೈಟ್ ಶಿಫ್ಟು. ಅವನು ಹಗಲು ಮಲಗಿದ್ದಾಗ ಕ್ವಾರ್ಟರ್ಸಿನ ಸಾಲಿನಲ್ಲಿ ಯಾರೂ ಟೇಪ್ ಹಾಕುವಂತಿರಲಿಲ್ಲ. ನಡುವಿನ ಗೋಡೆ ಅಷ್ಟು ತೆಳ್ಳಗಿತ್ತು. ಅವನು ಎದ್ದು ಹೊರಡುವ ಹೊತ್ತಿಗೆ ಕರೆಂಟು ಹೋಯಿತು, ಬೆಳಗಿನ ತನಕ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದರೆ ಮೇಜಿನ ಮೇಲೆ ಕ್ಯಾಸೆಟ್ಟೇ ಇಲ್ಲ. ಹೆಂಡತಿ ತನುಜಾ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಹಾಸಿಗೆ ಕೊಡವಿದ, ಅಕ್ಕಿ ಡಬ್ಬಕ್ಕೆ ಕೈ ಹಾಕಿದ. ಬಸ್ಸಿಗೆ ಹತ್ತು ನಿಮಿಷವಿದ್ದಾಗ ಮೂರ್ತಪ್ಪನ ಹೆಂಡತಿ ಹೂವಮ್ಮ ತುದಿಗಾಲಲ್ಲಿ ನಡೆದು ಬಂದು ಕ್ಯಾಸೆಟ್ಟನ್ನು ಮುಂದೆ ಹಿಡಿದಳು.

"ಇದನ್ನೇ ಹುಡುಕ್ತಿದ್ದೀರೇನೋ ಅಂತ ತಂದೆ. ತನುಜಾ ಕೊಟ್ಟಿದ್ಲು, ಪ್ರಸಾದಣ್ಣ. ನಾಳೆ ನಂಗೆ ಮತ್ತೆ ಬೇಕು."

"ನೀವು ಕೇಳಿದ್ರಾ ಹೂವಮ್ಮಕ್ಕ? ಹೇಗಿತ್ತು?"

"ಏನ್ ಹೇಳ್ಲಿ ಮಾರಾಯ! ಮಧ್ಯೆ ಮಧ್ಯೆ ನಿಂತೇ ಹೋಗುತ್ತೆ. ಮತ್ತೆ ಶುರುವಾಗೋವರೆಗೂ ನನ್ನ ಜೀವ ಬಾಯಿಗೆ ಬಂದಿರುತ್ತೆ."

ಪಕ್ಕದ ಮನೆಯಲ್ಲೇ ಇಂಥ ರಸಿಕೆಯಿದ್ದಾಳೆಂದು ರೇಣುಕಾಪ್ರಸಾದನಿಗೆ ಇಷ್ಟು ದಿನ ತಿಳಿದಿರಲಿಲ್ಲ. ಕೈಮುಗಿದು ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಯಾರದೋ ಮೀನಿನ ಚೀಲ ಸೋರಿ ಪ್ಯಾಂಟಿನ ಇಸ್ತ್ರಿ ಹಾಳಾಯಿತು. ಸಭೆಯಲ್ಲಿ ಇಪ್ಪತ್ತೆರಡು ಜನರಿದ್ದರು. ಅರ್ಧ ಜನ ಉಪ್ಪಿಟ್ಟಿನ ವಾಸನೆ ಹಿಡಿದು ಬಂದವರು. ಮೊದಲ ಹಂತಕ್ಕೆ ಮುಂದಿನ ಸಾಲು ಆಕಳಿಸಿತು. ಎರಡನೆಯದಕ್ಕೆ ಇಬ್ಬರು ಎದ್ದು ಹೋದರು. ರೇಣುಕಾಪ್ರಸಾದ ದೇವರ ಮೇಲೆ ಭಾರ ಹಾಕಿ ಮೂರನೆಯ ಕ್ಯಾಸೆಟ್ ಹಾಕಿದ.

ಆಳದಿಂದ ಒಂದು ಗರಗರ ಎದ್ದಿತು. ಏರಿತು, ನಡುಗಿತು, ಸಿಳ್ಳೆಯಾಗಿ ಸಣ್ಣಗಾಯಿತು. ನಂತರ ಏನೂ ಇಲ್ಲ. ಸಭೆ ಉಸಿರು ಹಿಡಿಯಿತು. ಒಮ್ಮೆಲೇ ಮತ್ತೆ ಗರಗರ!

"ಗಮನಿಸಿ," ಎಂದ ರೇಣುಕಾಪ್ರಸಾದ, ಕಣ್ಣು ಒರೆಸಿಕೊಳ್ಳುತ್ತ. "ಇಲ್ಲಿ ಅವನು ಅಹಂಕಾರ ಬಿಟ್ಟಿದ್ದಾನೆ. ಇಪ್ಪತ್ತು ವರ್ಷದ ಸಾಧನೆಯಿಲ್ಲದೆ ಈ ಮೌನ ಬರೋದಿಲ್ಲ."

ಎದ್ದು ಹೋಗಿದ್ದ ಇಬ್ಬರೂ ವಾಪಸು ಬಂದರು. ಹಿಂದಿನ ಸಾಲಿನಲ್ಲಿ ಚಪ್ಪಾಳೆ ಬಿತ್ತು. ರೇಣುಕಾಪ್ರಸಾದನ ಹನ್ನೊಂದು ವರ್ಷ ಸಾರ್ಥಕವಾಯಿತು. ಅಷ್ಟರಲ್ಲಿ ಟೇಪಿನಿಂದ ಹೆಂಗಸಿನ ಪಿಸುದನಿ ಕೇಳಿತು.

"ಕೇಳಿಸ್ತಾ ಡಾಕ್ಟ್ರೇ? ನೀವು ಹೇಳಿದಂಗೇ ರೆಕಾರ್ಡ್ ಮಾಡಿದೀನಿ. ನಮ್ಮನೆಯವರು ದಿನಾ ಹಿಂಗೇ ಗೊರಕೆ ಹೊಡಿಯೋದು. ನೈಟ್ ಶಿಫ್ಟ್ ಮಾಡಿ ಬಂದ್ರಂತೂ ಕೇಳೋದೇ ಬೇಡ."

ಹೂವಮ್ಮನ ದನಿ! ಮೇಲೆ ನಟನಟಿಯರ ಚಿತ್ರವಿಲ್ಲದಿದ್ದರೆ ಅದು ಖಾಲಿ ಕ್ಯಾಸೆಟ್ಟೆಂದು ತನುಜಾಳ ಲೆಕ್ಕ. ಹೂವಮ್ಮ ಕೇಳಿದ ಕೂಡಲೇ ತೆಗೆದುಕೊಟ್ಟಿದ್ದಳು. ಸಭೆ ಬಿದ್ದು ಬಿದ್ದು ನಕ್ಕಿತು. ರೇಣುಕಾಪ್ರಸಾದನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕೂಟದ ಕಾರ್ಯದರ್ಶಿ ವಿಶ್ವಾರಾಧ್ಯ ಒಳ್ಳೆಯ ಹುಡುಗ. "ಹೋಗ್ಲಿ ಬಿಡಿ ಸಾರ್. ಇನ್ನೊಂದು ಕಡೆ ಇರಬಹುದಲ್ಲ?" ಎಂದು ತಾನೇ ಕ್ಯಾಸೆಟ್ ತಿರುವಿ ಹಾಕಿದ.

ಇತ್ತು. ಅಪ್ಪಟ ವಾಂಡ್ರಕ್, ಅಪ್ಪಟ ಮೂರನೆಯ ಹಂತ. ಗಿಟಾರು ಉಸಿರಾಡಿತು, ನಿಂತಿತು, ಮತ್ತೆ ಉಸಿರಾಡಿತು. ರೇಣುಕಾಪ್ರಸಾದ ಪ್ರಾಣ ಒತ್ತೆಯಿಟ್ಟು ವಿವರಿಸಿದ. ನಾಲ್ಕು ನಿಮಿಷವಾಗುವಷ್ಟರಲ್ಲಿ ಕುರ್ಚಿಗಳು ಕಿರುಗುಟ್ಟತೊಡಗಿದವು.

"ಸಾರ್," ಎಂದ ವಿಶ್ವಾರಾಧ್ಯ ಸಂಕೋಚದಿಂದ, "ತಪ್ಪು ತಿಳ್ಕೋಬೇಡಿ. ಆ ಕಡೆದೇ ಇನ್ನೊಂದ್ಸಲ ಹಾಕ್ಲಾ?"

ರೇಣುಕಾಪ್ರಸಾದ ಗುಂಡಿ ಒತ್ತಿ ವಾಂಡ್ರಕ್‌ನನ್ನು ನಿಲ್ಲಿಸಿದ. ಅದೇ ಮಾತು ಅವನ ಬಾಯಿಯ ತನಕವೂ ಬಂದು ನಿಂತಿತ್ತು.