ಅಥಣಿ ರಸ್ತೆಯ ಇಟಲಿ ಊಟ

ಊಟದ ಜಾಗದಲ್ಲಿ ಮನುಷ್ಯ ಬಾಯಿ ತೆರೆಯಲೇಬೇಕು. ತಿನ್ನಲಿಕ್ಕಷ್ಟೇ ತೆರೆದರೆ ನಮಗೇನೂ ತೊಂದರೆ ಇಲ್ಲ. ಆದರೆ ನಡುನಡುವೆ ಮಾತಾಡುತ್ತಾರೆ ನೋಡಿ, ಅದಕ್ಕೇ ನಮ್ಮಲ್ಲಿ ದಿನಕ್ಕೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ.

ವಿಜಯಪುರದ ಅಥಣಿ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಇಟಲಿ ಊಟದ ಹೋಟೆಲು. ಆರು ಟೇಬಲ್, ಹಿತ್ತಲಲ್ಲಿ ಒಂದು ತಗಡಿನ ಚಪ್ಪರ. ಮಾಲಕರು ನಿಡೋಣಿಯವರು. ಗೋವಾದಲ್ಲಿ ಒಬ್ಬ ಇಟಲಿಯವನ ಕೈಕೆಳಗೆ ಹನ್ನೆರಡು ವರ್ಷ ಅಡುಗೆ ಮಾಡಿ ಬಂದವರು. ಬಡಿಸುವವನು ನಾನು. ವಯಸ್ಸಿನಲ್ಲಿ ದೊಡ್ಡವನೆಂದು ಎಲ್ಲರೂ ‘ಕಾಕಾ’ ಅನ್ನುತ್ತಾರೆ.

ಬ್ಯಾಡ ಅಂದ್ರೂ ಹಾಕು

ಇಲ್ಲಿಗೆ ಬರುವ ಮೊದಲು ನಾನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿಯಲ್ಲಿ ಇಪ್ಪತ್ತೆರಡು ವರ್ಷ ಬಡಿಸಿದವನು. ಖಾನಾವಳಿಯಲ್ಲಿ ‘ಬ್ಯಾಡ’ ಅನ್ನುವ ಮಾತಿಗೆ ಬೆಲೆ ಇಲ್ಲ. ಎಲೆ ಖಾಲಿ ಕಂಡರೆ ರೊಟ್ಟಿ ಬೀಳಬೇಕು, ಅಷ್ಟೇ.

ಇಲ್ಲಿ ಸೇರಿದ ಮೊದಲ ದಿನ ಜಲನಗರದ ಗಂಡ ಹೆಂಡತಿ ಪಿಜ್ಜಾ ತಿನ್ನುತ್ತಿದ್ದರು. ನೋಡನೋಡುತ್ತಿದ್ದಂತೆ ತಟ್ಟೆ ಖಾಲಿ. ನನ್ನ ಕೈ ಸುಮ್ಮನಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಬಿಸಿಬಿಸಿ ಪಿಜ್ಜಾ ಒಂದಿತ್ತು. ತಂದು ಇಬ್ಬರಿಗೂ ಎರಡೆರಡು ತುಂಡು ಹಾಕಿದೆ.

“ನಾವು ಕೇಳಿಲ್ಲರಿ,” ಅಂದರು ಅವರು.

“ನಾಚಗೋಬ್ಯಾಡ್ರಿ, ಹೊಟ್ಟಿ ತುಂಬ ಉಣ್ರಿ,” ಅಂದೆ.

ಮಾಲಕರು ಒಳಗಿನಿಂದ ಓಡಿ ಬಂದರು. “ಕಾಕಾ! ಅದು ನಾಕನೇ ಟೇಬಲ್‌ನವರದು!”

ನಾಲ್ಕನೇ ಟೇಬಲ್ಲಿನ ಹಿರಿಯರು ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು. ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ತಮ್ಮ ಖಾಲಿ ತಟ್ಟೆ ಎತ್ತಿ ಹಿಡಿದು ಕೇಳಿದರು: “ಇರ್ಲಿ ಬಿಡ್ರಿ. ನಮಗ ಯಾರದು ಹಾಕ್ತೀರಿ?”

ಸುಟ್ಟಿದ್ದಕ್ಕೊಂದು ಹೆಸರು

ತಿಕೋಟಾದಿಂದ ಒಬ್ಬ ದ್ರಾಕ್ಷಿ ಬೆಳೆಗಾರರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ನಮ್ಮ ಪಿಜ್ಜಾ ಕಟ್ಟಿಗೆ ಒಲೆಯದು. ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಗುಳ್ಳೆ ಏಳುತ್ತವೆ. ಅವರು ಆ ಕಪ್ಪನ್ನು ಬೆರಳಿನಿಂದ ಕೆರೆದು ನೋಡಿ ನನ್ನನ್ನು ಕರೆದರು.

“ಏನ್ರಿ ಇದು, ರೊಟ್ಟಿ ಹೊತ್ತಿ ಹೋಗೈತಿ!”

ಮಾಲಕರೇ ಬಂದು ಸಮಾಧಾನವಾಗಿ ಹೇಳಿದರು: “ಹೊತ್ತಿದ್ದಲ್ರಿ ಸಾಹೇಬ್ರ. ಅದು ಹಂಗ ಇರಬೇಕು. ಖರೇ ರುಚಿ ಇರೋದ ಆ ಕರಿ ಭಾಗದಾಗ. ಇಟಲಿಯವರು ಅದನ್ನ ಹುಡುಕ್ಕೊಂಡು ತಿಂತಾರ.”

ಬೆಳೆಗಾರರು ತಲೆ ಅಲ್ಲಾಡಿಸಿ, ಕಪ್ಪು ಸಮೇತ ಪೂರ್ತಿ ತಿಂದರು. ಹೆಂಡತಿ ಮಾತ್ರ ತಿನ್ನುವುದು ಬಿಟ್ಟು ಮಾಲಕರ ಮುಖವನ್ನೇ ನೋಡುತ್ತಿದ್ದರು. ಗಂಡ ಕೈ ತೊಳೆಯಲು ಎದ್ದು ಹೋದದ್ದೇ ತಡ, ಮಾಲಕರ ಹತ್ತಿರ ಬಂದರು.

“ಅಣ್ಣಾರ, ಈಗ ಹೇಳಿದ್ರಲ್ಲ, ಅದನ್ನ ಒಂದು ಚೀಟಿ ಮ್ಯಾಲೆ ಬರದು ಕೊಡ್ರಿ.”

“ಯಾಕ್ರೀ ಅಕ್ಕಾರ?”

“ಹದಿನೆಂಟು ವರ್ಷ ಆತು ನನ್ನ ಲಗ್ನ ಆಗಿ. ರೊಟ್ಟಿ ಮ್ಯಾಲೆ ಒಂದು ಕರಿ ಚುಕ್ಕಿ ಕಂಡ್ರ ಸಾಕು, ನಮ್ಮ ತವರುಮನಿ ಉದ್ಧಾರ ಮಾಡ್ತಾರ.”

ಮಾಲಕರು ಬರೆದು ಕೊಟ್ಟರು. ಹದಿನೈದು ದಿನ ಬಿಟ್ಟು ಬೆಳೆಗಾರರ ಫೋನು ಬಂತು. “ಅದೇನ್ ಬರದು ಕೊಟ್ಟೀರಿ ಮಾರಾಯ್ರ? ಚೀಟಿ ಅಡಗಿಮನಿ ಗ್ವಾಡಿಗಿ ಹಚ್ಚ್ಯಾಳ. ಈಗ ಪಲ್ಯಾನೂ ಇಟಲಿ ಥರಾನ ಮಾಡಾಕತ್ತಾಳ!”

ಶಾವಗಿ ಮತ್ತು ಹಾಲು

ಬಬಲೇಶ್ವರದ ಗಂಡಿನ ಕಡೆಯವರಿಗೂ ಜಲನಗರದ ಹೆಣ್ಣಿನ ಕಡೆಯವರಿಗೂ ನಮ್ಮಲ್ಲಿ ಭೇಟಿ ಏರ್ಪಾಡಾಗಿತ್ತು. ಹುಡುಗಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲುವುದಿಲ್ಲ, ಹೊರಗೆ ಕೂತು ಮಾತಾಡೋಣ ಅಂದಿದ್ದಳಂತೆ. ಹುಡುಗ, ಸ್ವಲ್ಪ ಬಿಗುಮಾನದವನು, ತನ್ನ ಆಯಿಯನ್ನೂ ಕರೆದುಕೊಂಡು ಬಂದಿದ್ದ. ಅಂದರೆ ಅಜ್ಜಿ. ಮನೆಯಲ್ಲಿ ಆಯಿಯ ಮಾತೇ ಕೊನೆ.

ಸ್ಪಗೆಟ್ಟಿ ಬಂತು. ಆಯಿ ತಟ್ಟೆ ನೋಡಿ ಬಹಳ ಖುಷಿಯಾದರು.

“ಶಾವಗಿ ಮಾಡ್ಯಾರ! ಯಪ್ಪಾ, ಹಾಲು ಸಕ್ಕರಿ ತಗೊಂಡು ಬಾ.”

ನಾನು ಒಳಗೆ ಹೋಗಿ ಹೇಳಿದೆ. ಹನ್ನೆರಡು ವರ್ಷ ಕಲಿತದ್ದಕ್ಕೆ ಬೆಂಕಿ ಬಿದ್ದಂತೆ ಮಾಲಕರು ಹೊರಗೆ ಬಂದರು.

“ಅಮ್ಮಾರ, ಇದಕ್ಕ ಹಾಲು ಹಾಕಂಗಿಲ್ಲರಿ. ಇದು ಇಟಲಿದು.”

“ಯಾರದರ ಇರ್ಲಿ. ನಾ ಏಳು ವರ್ಷದಾಕಿ ಇದ್ದಾಗಿಂದ ಕಟ್ಟಿಗಿ ಮಣಿ ಮ್ಯಾಲೆ ಶಾವಗಿ ಹೊಸೆದಾಕಿ. ಶಾವಗಿಗಿ ಏನ್ ಹಾಕ್ತಾರಂತ ನೀ ನನಗ ಹೇಳ್ತಿ?”

“ಆಯಿ, ಸುಮ್ನಿರ ಬೇ. ಮಂದಿ ನೋಡಾಕತ್ತಾರ,” ಅಂದ ಹುಡುಗ. ಅವನ ಮುಖ ಟೊಮೆಟೊ ಸಾಸಿಗಿಂತ ಕೆಂಪಾಗಿತ್ತು. ಹೆಣ್ಣಿನ ತಂದೆ ಸಂಬಂಧ ಕೈತಪ್ಪಿತು ಅನ್ನುವಂತೆ ಛಾವಣಿ ನೋಡುತ್ತ ಕೂತರು.

ಹುಡುಗಿ ಎದ್ದಳು. “ಕಾಕಾ, ಬರೇ ಕುದಿಸಿದ ಶಾವಗಿ ಎರಡು ತಟ್ಟಿ ಕೊಡ್ರಿ. ಬಿಸಿ ಹಾಲು, ಸಕ್ಕರಿನೂ ಇರ್ಲಿ.” ತಾನೇ ಕಲಸಿ ಒಂದನ್ನು ಆಯಿಯ ಮುಂದಿಟ್ಟಳು. ಇನ್ನೊಂದನ್ನು ಇಟ್ಟುಕೊಂಡು ಆಯಿಯ ಪಕ್ಕದಲ್ಲೇ ತಿನ್ನಲು ಕೂತಳು. ಮಾಲಕರು ಗೋಡೆಯ ಕಡೆ ಮುಖ ಮಾಡಿ ನಿಂತರು.

ಎರಡು ತುತ್ತು ತಿಂದ ಮೇಲೆ ಆಯಿ ಹೇಳಿದರು: “ನನಗ ಹುಡಿಗಿ ಪಸಂದ್ ಅದಾಳ.”

“ನಾ ಇನ್ನೂ ಏನೂ ಹೇಳಿಲ್ಲ ಬೇ,” ಅಂದ ಹುಡುಗ.

“ನಿನ್ನ ಯಾರು ಕೇಳ್ಯಾರ?”

ಹುಡುಗಿ ತಲೆ ಎತ್ತದೆ, ಹಾಲು ಕಲಸುತ್ತ ಅಂದಳು: “ನನಗೂ ಆಯಿ ಪಸಂದ್ ಅದಾರ. ಇವರ ಮೊಮ್ಮಗನ ಬಗ್ಗೆ ವಿಚಾರ ಮಾಡಿ ಹೇಳ್ತೀನಿ.”

ಮದುವೆ ಆಯಿತು. ಊಟಕ್ಕೆ ಶಾವಗಿ ಪಾಯಸವಿತ್ತು. ಮಾಲಕರು ಅದನ್ನು ಮುಟ್ಟಲಿಲ್ಲ.

ಎದುರಿನವರು

ಹೋದ ವರ್ಷ ನಮ್ಮ ಎದುರಿಗೇ ಒಂದು ದೊಡ್ಡ ಕಂಪನಿಯ ಪಿಜ್ಜಾ ಅಂಗಡಿ ಶುರುವಾಯಿತು. ದೇಶದ ಎಲ್ಲ ಊರಲ್ಲೂ ಒಂದೇ ಬೋರ್ಡು, ಒಂದೇ ರುಚಿ. ಏಸಿ, ಬಲೂನು, ಕೆಂಪು ಅಂಗಿ ತೊಟ್ಟ ಕೆಲಸದವರು. ಒಂದು ತಿಂಗಳು ನಮ್ಮಲ್ಲಿ ನೊಣವೂ ಬರಲಿಲ್ಲ. “ಕಾಕಾ, ನಿಡೋಣಿಗೆ ಹೋಗಿ ಹೊಲಾ ನೋಡ್ಕೋತೀನಿ,” ಎಂದು ಮಾಲಕರು ಎರಡು ಸಲ ಅಂದರು. ನಾನೂ ಹಳೆಯ ಖಾನಾವಳಿಗೆ ಒಮ್ಮೆ ಹೋಗಿ, ಜಾಗ ಖಾಲಿ ಇದೆಯಾ ಎಂದು ಕೇಳಿ ಬಂದೆ.

ಆ ದಿನಗಳಲ್ಲೂ ಒಬ್ಬ ಗಿರಾಕಿ ತಪ್ಪದೆ ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದ. ಸುಡುವ ಬಿಸಿಲಲ್ಲಿ ಕುತ್ತಿಗೆವರೆಗೂ ಮುಚ್ಚಿದ ಜರ್ಕಿನ್, ತಲೆಗೆ ಹೆಲ್ಮೆಟ್. ಮೂಲೆಯಲ್ಲಿ ಕೂತ ಮೇಲೆಯೇ ಹೆಲ್ಮೆಟ್ ತೆಗೆಯುತ್ತಿದ್ದ. ಒಂದು ದಿನ ಸಾಸ್ ಚೆಲ್ಲಿ ಜರ್ಕಿನ್ ಬಿಚ್ಚಬೇಕಾಯಿತು. ಒಳಗೆ ಕೆಂಪು ಅಂಗಿ! ಎದುರಿನ ಅಂಗಡಿಯ ಮ್ಯಾನೇಜರು.

“ಯಾರಿಗೂ ಹೇಳಬ್ಯಾಡ್ರಿ ಕಾಕಾ,” ಎಂದು ಕೈ ಮುಗಿದ. “ದಿನಾ ಅದನ್ನ ತಿಂದು ತಿಂದು ನಾಲಿಗಿ ಸತ್ತು ಹೋಗೈತಿ.”

ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಒಂದು ದಿನ ಎರಡೂವರೆಗೆ ಟೈ ಕಟ್ಟಿದ ಒಬ್ಬ ಸಾಹೇಬರು ಬಂದು ಬಾಗಿಲಿಗೆ ಬೆನ್ನು ಮಾಡಿ ಕೂತರು. “ಇಲ್ಲಿ ತುಂಬಾ ಚೆನ್ನಾಗಿರುತ್ತಂತೆ, ಏನಾದ್ರೂ ಕೊಡಿ,” ಅಂದರು, ಬೆಂಗಳೂರಿನ ಮಾತಿನಲ್ಲಿ. ಮೂರಕ್ಕೆ ಮ್ಯಾನೇಜರ್ ಬಂದು, ಅವರ ಹಿಂದಿನ ಮೂಲೆಯಲ್ಲಿ ಹೆಲ್ಮೆಟ್ ತೆಗೆದು ಕೂತ. ಪಾಸ್ತಾ ಕೊಟ್ಟೆ. ಅವನು ಎರಡು ತುತ್ತು ತಿಂದಿರಬೇಕು, ಫೋನು ಬಂತು.

“ನಮಸ್ಕಾರ ಸರ್! ಅಂಗಡ್ಯಾಗ ಅದೀನಿ ಸರ್. ಭಾಳ ಗದ್ಲ ಐತಿ ಸರ್, ಕಾಲಿಡಾಕ ಜಾಗಿಲ್ಲ.”

ಟೈ ಸಾಹೇಬರೂ ಅದೇ ಹೊತ್ತಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. “ಗುಡ್. ನಾನಿನ್ನೂ ಕೊಲ್ಹಾರದ ಹತ್ರ ಇದ್ದೀನಿ. ಇನ್ಸ್‌ಪೆಕ್ಷನ್‌ಗೆ ಒಂದು ಗಂಟೆ ಆಗುತ್ತೆ.”

ಇಬ್ಬರಿಗೂ ಇನ್ನೊಬ್ಬರ ದನಿ ಫೋನಿನಲ್ಲೂ ಕೇಳಿಸಿತು, ಹೋಟೆಲಿನೊಳಗೂ ಕೇಳಿಸಿತು. ಮ್ಯಾನೇಜರ್ ಗಡಬಡಿಸಿ ಹೆಲ್ಮೆಟ್ ಹಾಕಿಕೊಂಡ. ಬಾಯಲ್ಲಿ ಪಾಸ್ತಾ ಹಾಗೇ ಇತ್ತು. ಸಾಹೇಬರು ನಿಧಾನವಾಗಿ ತಿರುಗಿದರು. ನಾನು ನೀರಿನ ಜಗ್ ಹಿಡಿದು ನಿಂತಲ್ಲೇ ನಿಂತೆ.

ಸಾಹೇಬರು ಹೆಲ್ಮೆಟ್ ನೋಡಿದರು. ಆಮೇಲೆ ಅವನ ತಟ್ಟೆ ನೋಡಿದರು. ನನ್ನ ಕಡೆ ತಿರುಗಿ ಕೇಳಿದರು: “ಅವರು ತಿಂತಿರೋದು ಏನದು? ನನಗೂ ಒಂದು ತನ್ನಿ.”

ಆಮೇಲೆ ಇಬ್ಬರೂ ಒಂದೇ ಟೇಬಲ್ಲಿಗೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ತಿಂದು ಮುಗಿಸಿದರು. ಏಳುವಾಗ ಸಾಹೇಬರು ರಸ್ತೆಯಾಚೆಯ ತಮ್ಮ ಅಂಗಡಿ ನೋಡಿ ಸಣ್ಣ ದನಿಯಲ್ಲಿ ಕೇಳಿದರು:

“ಇಲ್ಲಿಂದ ನಾವು ಹೊರಗೆ ಹೋಗೋದನ್ನ ನಮ್ಮ ಸ್ಟಾಫ್ ನೋಡಬಾರದು. ಹಿಂದೆ ಬಾಗಿಲು ಇದೆಯಾ?”

“ಐತ್ರೀ ಸಾಹೇಬ್ರ,” ಅಂದೆ. “ಆದ್ರ ಒಂದ್ಹತ್ತು ಮಿನಿಟ್ ತಡೀರಿ. ನಿಮ್ಮ ಸ್ಟಾಫ್ ಹಿತ್ತಲದಾಗ ಊಟಕ್ಕ ಕುಂತಾರ.”