ಸೇವೆಗೆ ಬಂದವರೂ ಸಿಸ್ಟರ್ ಮನೆಯ ಎಮ್ಮೆಯೂ

ಸೇವೆ ಮಾಡಲು ಬಂದವರ ಸೇವೆ ಮಾಡುವುದು ಎಷ್ಟು ದೊಡ್ಡ ಕೆಲಸ ಅಂಬುದು, ಸಿಸ್ಟರ್‌ಗಳ ಮನೆಯಲ್ಲಿ ದನ ನೋಡಿಕೊಳ್ಳಲು ಸೇರುವ ತನಕ ನನಗೆ ಗೊತ್ತಿರಲಿಲ್ಲ. ಗುಡೂರಿನಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ, ಹೊಲಗಳ ನಡುವೆ ಆ ಕ್ರೈಸ್ತ ಸನ್ಯಾಸಿನಿಯರ ಮನೆ. ನಾಲ್ಕು ಮಂದಿ ಸಿಸ್ಟರ್, ನೇಕಾರರ ಮತ್ತು ಕೂಲಿಯವರ ಹೆಣ್ಣುಮಕ್ಕಳ ಒಂದು ಹಾಸ್ಟೆಲು, ಒಂದು ಎಮ್ಮೆ. ನಾನು ಕೊರಳಲ್ಲಿ ಲಿಂಗ ಕಟ್ಟಿದವ, ಅವರು ಶಿಲುಬೆ ಹಾಕಿದವರು. ಇಷ್ಟು ವರ್ಷದಲ್ಲಿ ನಮ್ಮ ನಡುವೆ ಒಂದು ಮಾತಿನ ತಕರಾರು ಬಂದಿಲ್ಲ. ತಕರಾರೆಲ್ಲ ಪ್ರತಿ ವರ್ಷ ದೊಡ್ಡ ಊರುಗಳಿಂದ ಬರುವ ಸ್ವಯಂಸೇವಕರದು. ಅವರು ಬರುತ್ತಲೇ ಇರುತ್ತಾರೆ, ಇಂಥವು ಆಗುತ್ತಲೇ ಇರುತ್ತವೆ.

ಈ ಸಲ ಅವರು ಬಂದಾಗ ಎಮ್ಮೆ ತುಂಬಿದ ಗಬ್ಬ. ಹೋದ ಸಲ ಕರು ಅಡ್ಡಾಗಿ ಹೊಟ್ಟೆಯಲ್ಲೇ ಸತ್ತಿತ್ತು. ಕರುವಿಲ್ಲದ ಎಮ್ಮೆ ಹಾಲು ಬಿಡಲಿಲ್ಲ, ಅಂದಿನಿಂದ ಹಾಸ್ಟೆಲಿನ ಹುಡುಗಿಯರಿಗೆ ಕರಿ ಚಹಾನೇ ಗತಿ. ದೊಡ್ಡ ಸಿಸ್ಟರ್ ಮಂಗಳೂರು ಕಡೆಯವರು, ಆದರೆ ಈಗ ಅವರ ಬಾಯಲ್ಲಿ ನಮ್ಮ ಮಾತೇ. ದಿನಾ ದನದ ಮನೆಗೆ ಬಂದು ಎಮ್ಮೆಯ ಬೆನ್ನು ಸವರಿ, "ಈ ಸಲ ಕರು ಉಳೀಬೇಕಪಾ. ಹುಡುಗ್ಯಾರು ಹಾಲಿನ ಮಾರಿ ನೋಡಿ ವರ್ಷಾತು" ಅನ್ನುತ್ತಿದ್ದರು.

ಬಡವರ ಊಟ

ಬಂದ ದಿನವೇ ಗಿಟಾರು ಹೊತ್ತ ಹುಡುಗ ಹೇಳಿದ: "ಸಿಸ್ಟರ್, ನಮಗೆ ಸ್ಪೆಷಲ್ ಏನೂ ಬೇಡ. ಬಡವರು ಏನು ತಿಂತಾರೋ ಅದೇ ಕೊಡಿ. ಸರಳ ಜೀವನ ಕಲಿಯೋಕೆ ಬಂದಿದೀವಿ."

ಸಿಸ್ಟರ್ ಸಂತೋಷಪಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಇಟ್ಟರು. ಹುಡುಗ ತಾಟನ್ನು ಆ ಕಡೆ ಈ ಕಡೆ ತಿರುಗಿಸಿ ಫೋಟೋ ತೆಗೆದ. ಆಮೇಲೆ ಬೆರಳಿನಿಂದ ರೊಟ್ಟಿ ಬಡಿದು ನೋಡಿ, "ಇದನ್ನ ಹೇಗೆ ತಿನ್ನೋದು?" ಅಂದ.

ಬಡಿಸುತ್ತಿದ್ದ ಹಾಸ್ಟೆಲ್ ಹುಡುಗಿ, "ಬಾಯಿಲೆ, ಅಣ್ಣಾ" ಅಂದಳು.

ಎರಡು ದಿನದಲ್ಲಿ ಬಡವರ ಊಟ ಸಾಕಾಯಿತು. ಇಳಕಲ್ಲಿನ ಬೇಕರಿಯಿಂದ ಬ್ರೆಡ್ಡು, ಜಾಮು ಬೇಕಂತೆ. ಉರಿಬಿಸಿಲಿನಲ್ಲಿ ಹೋಗಿ ತಂದುಕೊಟ್ಟೆ. ಸರಳ ಜೀವನ ಅವರದು, ಸೈಕಲ್ ತುಳಿದವ ನಾನು.

ಕರಗಿದ ಅಹಂಕಾರ

ಸಂಜೆ ಪ್ರಾರ್ಥನೆ ಆದ ಮೇಲೆ ಸ್ವಯಂಸೇವಕರು ಮೇಣದಬತ್ತಿ ಹಚ್ಚಿ ಸುತ್ತ ಕೂಡುತ್ತಾರೆ. ಆ ದಿನ ಮನಸ್ಸಿಗೆ ಏನನ್ನಿಸಿತು ಅಂಬುದನ್ನು ಎಲ್ಲರೊಡನೆ 'ಹಂಚಿಕೊಳ್ಳುವುದು' ಅಂತೆ. ನಮ್ಮ ಕಟ್ಟೆಯ ಮೇಲೂ ಇದನ್ನೇ ಮಾಡುತ್ತೇವೆ, ಮೇಣದಬತ್ತಿ ಇರುವುದಿಲ್ಲ ಅಷ್ಟೇ.

ಒಂದು ಸಂಜೆ ಅವರಲ್ಲೊಬ್ಬಳು ಕನ್ನಡಕದ ಹುಡುಗಿ ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದಳು: "ಇವತ್ತು ನಾನು ಸಗಣಿ ಮುಟ್ಟಿದೆ. ಒಳಗಿದ್ದ ಅಹಂಕಾರ ಎಲ್ಲಾ ಕರಗಿಹೋಯ್ತು." ಪಕ್ಕದವರು ಅವಳ ಕೈ ಹಿಡಿದುಕೊಂಡರು.

ಅವಳು ಮುಟ್ಟಿದ್ದನ್ನು ನಾನು ನೋಡಿದ್ದೆ. ಕಿರುಬೆರಳಿನ ತುದಿಯಿಂದ. ಬಾಗಿಲಲ್ಲಿ ನಿಂತವ ಕೇಳಿಯೇ ಬಿಟ್ಟೆ: "ಯವ್ವಾ, ಅಹಂಕಾರ ಕರಗಿತು, ಚಲೋ ಆತು. ಸಗಣಿ ಹಂಗ ಐತಲ್ಲ?"

ದೊಡ್ಡ ಸಿಸ್ಟರ್ ಸೆರಗಿನಂಥ ತಮ್ಮ ತಲೆವಸ್ತ್ರ ಬಾಯಿಗೆ ಒತ್ತಿಕೊಂಡು ಕೆಮ್ಮಿದರು. ಹುಡುಗಿ ಶಾಂತವಾಗಿ, "ಅದನ್ನ ನಾಳೆ ಹಂಚ್ಕೋತೀನಿ ಅಂಕಲ್" ಅಂದಳು.

ಮೌನ

ಆ ಮನೆಯಲ್ಲಿ ಒಂದು ಪದ್ಧತಿ ಇದೆ. ರಾತ್ರಿಯ ಪ್ರಾರ್ಥನೆಯಿಂದ ಮರುದಿನ ಬೆಳಗಿನ ಪೂಜೆ ಮುಗಿಯುವ ತನಕ ಯಾರೂ ಮಾತಾಡಬಾರದು. ನನಗದು ಹೊಸದಲ್ಲ, ನಾನೂ ಲಿಂಗಪೂಜೆ ಮುಗಿಯುವ ತನಕ ಬಾಯಿ ಬಿಡುವುದಿಲ್ಲ. ಆದರೆ ಒಲೆಯ ಮೇಲೆ ಹಾಲು ಉಕ್ಕಿತೋ, ಕೂತಲ್ಲಿಂದಲೇ ಹೆಂಡತಿಗೆ ಕೂಗುತ್ತೇನೆ. ಶಿವ ತಪ್ಪು ತಿಳಿಯುವುದಿಲ್ಲ. ಸಿಸ್ಟರ್‌ಗಳದೂ ಅಷ್ಟೇ ಸೀದಾ ಲೆಕ್ಕ. ಈ ಹುಡುಗರು ಮಾತ್ರ ಹಗಲೆಲ್ಲ ಹರಟಿ, ಮೌನ ಬಂತೆಂದರೆ ಹಿಮಾಲಯದಿಂದ ಇಳಿದುಬಂದವರಂತೆ ಆಗುತ್ತಿದ್ದರು.

ಎಮ್ಮೆಯ ದಿನ ತುಂಬುತ್ತ ಬಂದಾಗ ಸಿಸ್ಟರ್ ಈ ಹುಡುಗರಿಗೆ ರಾತ್ರಿ ದನದ ಮನೆ ಕಾಯುವ ಪಾಳಿ ಹಚ್ಚಿದರು. "ಎಮ್ಮಿ ಮಲಗಿ ಏಳೂದು ಮಾಡಿತಂದ್ರ, ಓಡಿ ಹೋಗಿ ಇವರನ್ನ ಕರೀರಿ. ಮನಿ ಹೊಲದಾಚೆನ ಐತಿ" ಅಂತ ನನ್ನನ್ನು ತೋರಿಸಿ ಹೇಳಿದರು.

ಒಂದು ಬೆಳಗಿನ ಜಾವ ನಾನು ಎಂದಿನಂತೆ ಬಂದೆ. ಗೇಟಿನಲ್ಲಿ ಕನ್ನಡಕದ ಹುಡುಗಿ ಕಣ್ಣೀರು ಸುರಿಸುತ್ತ ನಿಂತಿದ್ದಳು.

"ಏನಾತವಾ?" ಅಂದೆ.

ಬಾಯಿಗೆ ಬೆರಳಿಟ್ಟು ಮೌನ ಅಂತ ತೋರಿಸಿದಳು. ಆಮೇಲೆ ತನ್ನ ಹೊಟ್ಟೆ ಮುಟ್ಟಿಕೊಂಡಳು.

"ಹೊಟ್ಟಿ ನೋವೇನು? ಅಜವಾನ ತರ್ಲೇನು?"

ಅಲ್ಲ ಅಂತ ತಲೆ ಅಲ್ಲಾಡಿಸಿದಳು. ಎರಡೂ ಕೈ ಮುಂದೆ ಚಾಚಿ ದೊಡ್ಡ ಹೊಟ್ಟೆ ತೋರಿಸಿದಳು. ತೋಳಿನಲ್ಲಿ ಕೂಸು ತೂಗಿದಂತೆ ಮಾಡಿದಳು. ಮತ್ತೆ ಅತ್ತಳು.

ಮದುವೆಯಾಗದ ಹುಡುಗಿ, ದೇವರ ಮನೆಯಂಥ ಮನೆ! ಓಡಿ ಹೋಗಿ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಿಂತು ದೊಡ್ಡ ಸಿಸ್ಟರನ್ನು ಸನ್ನೆ ಮಾಡಿ ಕರೆದೆ. ಬಾಯಿಬಿಟ್ಟು ಹೇಳುವ ಮಾತೇ ಅದು? ಹುಡುಗಿಯನ್ನು ತೋರಿಸಿದೆ, ದೊಡ್ಡ ಹೊಟ್ಟೆ ಮಾಡಿದೆ, ಕೂಸು ತೂಗಿದೆ.

ಸಿಸ್ಟರ್ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಮೌನ ಮುರಿದರು: "ಯಾರು?"

ಅಷ್ಟರಲ್ಲಿ ಗಿಟಾರಿನ ಹುಡುಗ ತಲೆಯ ತುಂಬ ಹುಲ್ಲು ಅಂಟಿಸಿಕೊಂಡು ಓಡಿಬಂದ. ಸಿಸ್ಟರ್ ಅವನನ್ನು ದಿಟ್ಟಿಸಿ, "ನೀನ ಏನು?" ಅಂದರು.

ಹುಡುಗ ಎದೆ ಮುಟ್ಟಿಕೊಂಡು, ಹೌದು ನಾನೇ ಅಂತ ಹೆಮ್ಮೆಯಿಂದ ತಲೆ ಆಡಿಸಿದ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಅಂತಲೂ ಕೈಯಲ್ಲೇ ತೋರಿಸಿದ.

ಸಿಸ್ಟರ್ ಕಂಬ ಹಿಡಿದುಕೊಂಡರು. ಆಗ ದನದ ಮನೆಯಿಂದ ಎಮ್ಮೆ ಒದರಿತು. ಅದೊಂದಕ್ಕೇ ಆ ಹೊತ್ತಿನಲ್ಲಿ ಬುದ್ಧಿ ಇದ್ದದ್ದು. ಹುಡುಗ ಹುಡುಗಿ ಇಬ್ಬರೂ ಅತ್ತ ಬೊಟ್ಟು ಮಾಡಿದರು.

"ಎಮ್ಮಿ?" ಅಂದರು ಸಿಸ್ಟರ್. ಇಬ್ಬರೂ ತಲೆ ಆಡಿಸಿದರು.

"ಏ ಮಬ್ಬ ಮಕ್ಕಳಾ! ಎಮ್ಮಿ ಈಯಾಕತ್ತೈತಿ ಅಂತ ಬಾಯಿಬಿಟ್ಟು ಹೇಳಾಕ ಏನ ಧಾಡಿ ನಿಮಗ?" ಅಂತ ಊರಿಗೆಲ್ಲ ಕೇಳುವಂತೆ ಕೂಗಿ, ನಿಲುವಂಗಿ ಎತ್ತಿ ಹಿಡಿದು ಓಡಿದರು.

ಕರುವಿನ ಒಂದು ಕಾಲು ಹೊರಗೆ, ಇನ್ನೊಂದು ಒಳಗೆ ಮಡಚಿತ್ತು. ನಾನು ಕೈ ತೊಳೆದು ಒಳಗೆ ಹಾಕಿ ಕಾಲು ಸರಿಮಾಡಿದೆ. ಸಿಸ್ಟರ್ ಬಟ್ಟೆ ಕಟ್ಟಿ ಜಗ್ಗಿದರು. ಗಿಟಾರಿನವ ಇಣುಕಿ ನೋಡಿ ಅಲ್ಲೇ ಮೂರ್ಛೆ ಬಿದ್ದ. ಸದ್ದು ಮಾಡಲಿಲ್ಲ, ನಿಯಮ ನಿಯಮವೇ. ಕರು ಬಂತು, ಉಸಿರಿರಲಿಲ್ಲ. ಸಿಸ್ಟರ್ "ಯೇಸಪ್ಪಾ" ಅಂದರು, ನಾನು "ಬಸವಣ್ಣಾ" ಅಂದೆ, ಹುಲ್ಲುಕಡ್ಡಿಯಿಂದ ಅದರ ಮೂಗಿಗೆ ಚುಚ್ಚಿದೆ. ಕರು ಸೀನಿತು. ಹೆಣ್ಣುಕರು! ಹಾಸ್ಟೆಲಿನ ಹುಡುಗಿಯರ ಕೇಕೆಗೆ ಗೋಡೆಯ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಮಧ್ಯಾಹ್ನ ಎಲ್ಲರ ತಾಟಿನಲ್ಲೂ ಗಿಣ್ಣು.

ಸಂಜೆ ಮತ್ತೆ ಮೇಣದಬತ್ತಿ ಹಚ್ಚಿದರು. ದೊಡ್ಡ ಸಿಸ್ಟರ್ ದಣಿದು ಮೂಲೆಯಲ್ಲಿ ಕೂತಿದ್ದರು. ಗಿಟಾರಿನ ಹುಡುಗ ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಇಟ್ಟು ಶುರುಮಾಡಿದ: "ಇವತ್ತು ಬೆಳಗ್ಗೆ ಮೊದಲ ಸಲ ನನಗೆ ತಂದೆ ಆದ ಅನುಭವ..."

ಸಿಸ್ಟರ್ ಎದ್ದು ಬಂದು ಮೇಣದಬತ್ತಿ ಉಫ್ ಅಂತ ಊದಿ ಆರಿಸಿ, ಅಂದರು:

"ಮೌನ ಇವತ್ತ ಈಗಿಂದನ ಶುರು!"